ಕುಲುಮೆಯ ಬೆಕ್ಕು

1694ರ ಚಳಿಗಾಲ. ಡಾನ್ಯೂಬ್ ನದಿಯ ದಂಡೆಯಲ್ಲಿರುವ ಉಲ್ಮ್ ಪಟ್ಟಣದ ಎರಡು ಕ್ರೈಸ್ತ ಮಠಗಳಲ್ಲಿ ಸನ್ಯಾಸಿಗಳು ಒಬ್ಬರ ಹಿಂದೊಬ್ಬರು ಹಾಸಿಗೆ ಹಿಡಿದರು. ಹೊಕ್ಕುಳ ಸುತ್ತ ಹಗ್ಗ ಬಿಗಿದು ಹಿಂಡಿದಂಥ ಶೂಲೆ. ದಿನಗಟ್ಟಲೆ ಮಲಬದ್ಧತೆ. ಮುಖ ಬಿಳಿಚಿಕೊಳ್ಳುತ್ತಿತ್ತು, ಕೈಕಾಲುಗಳ ಕಸುವು ಉಡುಗುತ್ತಿತ್ತು.

ಅವರನ್ನು ನೋಡಲು ಬಂದವನು ಎಬರ್‌ಹಾರ್ಡ್ ಗೊಕೆಲ್. ಆಗ ಅವನಿಗೆ 58 ವರ್ಷ. ಉಲ್ಮ್ ಪಟ್ಟಣ ಸಂಬಳ ಕೊಟ್ಟು ಇಟ್ಟುಕೊಂಡಿದ್ದ ವೈದ್ಯ ಅವನು. ಜರ್ಮನ್ನರು ಇಂಥವರನ್ನು 'ಷ್ಟಾಟ್‌ಫಿಜಿಕುಸ್' ಎನ್ನುತ್ತಿದ್ದರು. ನಾವು ಪಟ್ಟಣವೈದ್ಯ ಎನ್ನೋಣ. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ದೊಡ್ಡ ಹೆಸರುಗಳ ಸಾಲಿನಲ್ಲಿ ಗೊಕೆಲ್ ಇಲ್ಲ. ಅವನು ಹೊಸ ಅಂಗವನ್ನು ಕಂಡುಹಿಡಿಯಲಿಲ್ಲ, ಹೊಸ ಔಷಧಿಯನ್ನೂ ತಯಾರಿಸಲಿಲ್ಲ. ಅವನ ಬಳಿಯಿದ್ದ ಮದ್ದುಗಳಲ್ಲಿ ಬಹುಪಾಲು ನಿಷ್ಪ್ರಯೋಜಕವಾಗಿದ್ದವು. ಆದರೂ ಆ ಮಠಗಳ ಹೊಟ್ಟೆಶೂಲೆಯ ಮೂಲವನ್ನು ಅವನು ಹಿಡಿದ. ಅವನ ಬಳಿ ಸೂಕ್ಷ್ಮದರ್ಶಕವಿರಲಿಲ್ಲ, ಪ್ರಯೋಗಾಲಯವಿರಲಿಲ್ಲ, ಆಧುನಿಕ ರಸಾಯನಶಾಸ್ತ್ರ ಎಂಬ ವಿಜ್ಞಾನವೇ ಇನ್ನೂ ಹುಟ್ಟಿರಲಿಲ್ಲ. ಹಾಗಿದ್ದೂ ಅದು ಹೇಗೆ ಸಾಧ್ಯವಾಯಿತು ಎಂಬುದನ್ನು ತಿಳಿಯಬೇಕಾದರೆ ಪಟ್ಟಣವೈದ್ಯನ ಬದುಕು ಹೇಗಿತ್ತೆಂದು ಮೊದಲು ನೋಡಬೇಕು.

ಪಟ್ಟಣದ ಉಪ್ಪು ತಿಂದವನು

ಆ ಕಾಲದ ಜರ್ಮನಿ ಒಂದು ದೇಶವಾಗಿರಲಿಲ್ಲ. ಪವಿತ್ರ ರೋಮನ್ ಸಾಮ್ರಾಜ್ಯ ಎಂಬ ದೊಡ್ಡ ಕೊಡೆಯ ಕೆಳಗೆ ನೂರಾರು ಸಂಸ್ಥಾನಗಳು, ಬಿಷಪ್ಪರ ಸೀಮೆಗಳು, ಸ್ವತಂತ್ರ ಪಟ್ಟಣಗಳು ಇದ್ದವು. ಉಲ್ಮ್ ಅಂಥದೊಂದು ಸ್ವತಂತ್ರ ಪಟ್ಟಣ. ಚಕ್ರವರ್ತಿಯನ್ನು ಬಿಟ್ಟರೆ ಅದಕ್ಕೆ ಬೇರೆ ಒಡೆಯರಿಲ್ಲ. ಕೋಟೆ ಬಾಗಿಲಿನ ಕಾವಲು, ಬ್ರೆಡ್ಡಿನ ತೂಕ, ಬಾವಿಗಳ ಶುಚಿ ಎಲ್ಲವನ್ನೂ ಊರಿನ ಪೌರಸಭೆಯೇ ನೋಡಿಕೊಳ್ಳಬೇಕು. ವೈದ್ಯನನ್ನು ನೇಮಿಸುವುದೂ ಅದರದೇ ಹೊಣೆ.

ಈ ಆಲೋಚನೆ ಹಳೆಯದು. 1439ರ ಸುಮಾರಿಗೆ ಬರೆದ 'ರೆಫರ್ಮಾಟ್ಸಿಯೊ ಸಿಗಿಸ್ಮುಂಡಿ' ಎಂಬ ಗ್ರಂಥ ಸಾಮ್ರಾಜ್ಯದ ಆಡಳಿತ ಹೇಗೆ ಸುಧಾರಿಸಬೇಕೆಂದು ಪಟ್ಟಿ ಮಾಡುತ್ತದೆ. ಪ್ರತಿ ಸ್ವತಂತ್ರ ಪಟ್ಟಣಕ್ಕೂ ಸಂಬಳದ ವೈದ್ಯನೊಬ್ಬ ಇರಬೇಕು, ಅವನು ಬಡವರ ಕೈಯಿಂದ ಹಣ ತೆಗೆದುಕೊಳ್ಳಬಾರದು ಎಂಬುದು ಆ ಪಟ್ಟಿಯಲ್ಲಿದೆ. ಮುಂದಿನ 200 ವರ್ಷಗಳಲ್ಲಿ ದೊಡ್ಡ ಊರುಗಳಷ್ಟೇ ಅಲ್ಲ, ಸಣ್ಣಪುಟ್ಟ ಪೇಟೆಗಳೂ ಪಟ್ಟಣವೈದ್ಯರನ್ನು ಇಟ್ಟುಕೊಂಡವು.

ನೇಮಕವೆಂದರೆ ಕರಾರು. ವೈದ್ಯ ಪೌರಸಭೆಯ ಮುಂದೆ ನಿಂತು ಪ್ರಮಾಣ ಮಾಡಬೇಕು. ಸಂಬಳದ ಒಂದು ಭಾಗ ನಾಣ್ಯಗಳಲ್ಲಿ ಬಂದರೆ ಇನ್ನೊಂದು ಭಾಗ ಧಾನ್ಯ ಮತ್ತು ಸೌದೆಯ ರೂಪದಲ್ಲಿ ಬರುತ್ತಿತ್ತು. ಕೆಲವೆಡೆ ವಾಸಕ್ಕೆ ಮನೆಯೂ ಸಿಗುತ್ತಿತ್ತು. ಉಳ್ಳವರ ಮನೆಗೆ ಹೋದರೆ ಪ್ರತ್ಯೇಕ ಶುಲ್ಕ ಪಡೆಯಬಹುದು. ಬಡವರನ್ನೂ ಊರ ಆಸ್ಪತ್ರೆಯಲ್ಲಿರುವವರನ್ನೂ ಸಂಬಳದ ಲೆಕ್ಕದಲ್ಲೇ ನೋಡಬೇಕು. ಅಪ್ಪಣೆಯಿಲ್ಲದೆ ಊರು ಬಿಟ್ಟು ಹೋಗುವಂತಿಲ್ಲ.

ಈ ಕೊನೆಯ ಷರತ್ತಿನ ಭಾರ ಎಷ್ಟೆಂದು ಪ್ಲೇಗ್ ಬಂದಾಗ ಗೊತ್ತಾಗುತ್ತಿತ್ತು. ಪ್ಲೇಗಿಗೆ ಅಂದಿನ ವೈದ್ಯಗ್ರಂಥಗಳು ಹೇಳುತ್ತಿದ್ದ ಮೊದಲ ಮದ್ದೇ ದೂರ ಓಡಿಹೋಗುವುದು. ಅನುಕೂಲವಿದ್ದವರೆಲ್ಲ ಗಂಟುಮೂಟೆ ಕಟ್ಟುತ್ತಿದ್ದರು. ಊರಿನ ಉಪ್ಪು ತಿಂದ ವೈದ್ಯ ಮಾತ್ರ ಉಳಿಯಬೇಕು. ಗೊಕೆಲ್‌ಗಿಂತ ಎರಡು ತಲೆಮಾರು ಹಿಂದೆ ಉಲ್ಮ್‌ನ ಪಟ್ಟಣವೈದ್ಯನಾಗಿದ್ದ ಯೋಹಾನೆಸ್ ಸ್ಕುಲ್ಟೇಟುಸ್ ಇಂಥದನ್ನು ಕಂಡವನು. ಡಾನ್ಯೂಬಿನಲ್ಲಿ ದೋಣಿ ನಡೆಸುವವನ ಮಗ, ಇಟಲಿಯ ಪಾದುವಾದಲ್ಲಿ ಓದಿ ಬಂದು 1625ರಲ್ಲಿ ಹುಟ್ಟೂರಿನ ಕೆಲಸ ಹಿಡಿದ. ಮೂವತ್ತು ವರ್ಷಗಳ ಯುದ್ಧ ನಡೆಯುತ್ತಿತ್ತು. 1634ರಲ್ಲಿ ನೋರ್ಡ್ಲಿಂಗೆನ್ ಕದನವಾದ ಮೇಲೆ ಸುತ್ತಲ ಹಳ್ಳಿಗಳ ನಿರಾಶ್ರಿತರು ಉಲ್ಮ್‌ನ ಕೋಟೆಯೊಳಗೆ ತುಂಬಿಕೊಂಡರು; ಬೆನ್ನಿಗೇ ಪ್ಲೇಗ್ ಬಂದು ಸಾವಿರಾರು ಜನರನ್ನು ಕೊಂಡೊಯ್ದಿತು. ಸ್ಕುಲ್ಟೇಟುಸ್ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನೂ ಅವನ್ನು ಬಳಸುವ ಕ್ರಮವನ್ನೂ ಚಿತ್ರಸಹಿತ ವಿವರಿಸುವ ಗ್ರಂಥ ಬರೆದಿಟ್ಟು 1645ರಲ್ಲಿ ತೀರಿಕೊಂಡ. ಅದು ಅಚ್ಚಾದದ್ದು ಹತ್ತು ವರ್ಷಗಳ ನಂತರ, 1655ರಲ್ಲಿ. ಯುರೋಪಿನ ಶಸ್ತ್ರವೈದ್ಯರು ಆ ಪುಸ್ತಕವನ್ನು ಬಹುಕಾಲ ಬಳಸಿದರು.

ಬೆಳಕಿಗೆ ಹಿಡಿದ ಗಾಜಿನ ಬುರುಡೆ

ಪಟ್ಟಣವೈದ್ಯನ ಬೆಳಗು ಸಾಮಾನ್ಯವಾಗಿ ಮೂತ್ರದಿಂದ ಶುರುವಾಗುತ್ತಿತ್ತು. ರೋಗಿಯೇ ಬರಬೇಕೆಂದಿಲ್ಲ. ಮನೆಯ ಆಳೋ ಹೆಂಗಸೋ ಬೆತ್ತದ ಬುಟ್ಟಿಯಲ್ಲಿ ಉರುಟಾದ ತಳದ ಗಾಜಿನ ಬುರುಡೆಯನ್ನು ಜೋಪಾನವಾಗಿ ಇಟ್ಟುಕೊಂಡು ತರುತ್ತಿದ್ದರು. ಅದರಲ್ಲಿ ರೋಗಿಯ ಬೆಳಗಿನ ಮೂತ್ರ. ವೈದ್ಯ ಬುರುಡೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ಬಣ್ಣ ನೋಡುತ್ತಿದ್ದ: ನೀರಿನಂತಿದೆಯೇ, ಒಣಹುಲ್ಲಿನ ಹಳದಿಯೇ, ಕೇಸರಿಯೇ, ಕೆಂಪೇ, ಕಪ್ಪಿಗೆ ತಿರುಗಿದೆಯೇ? ಆಮೇಲೆ ನೊರೆ, ಮಧ್ಯದಲ್ಲಿ ತೇಲುವ ಮೋಡದಂಥ ಎಳೆ, ತಳದ ಗಸಿ. ವೈದ್ಯಗ್ರಂಥಗಳಲ್ಲಿ ಸುಮಾರು 20 ಬಣ್ಣಗಳ ಮೂತ್ರದ ಬುರುಡೆಗಳನ್ನು ಚಕ್ರದಂತೆ ಜೋಡಿಸಿದ ಚಿತ್ರಗಳಿರುತ್ತಿದ್ದವು.

ಇದರ ಹಿಂದೆ ಇದ್ದದ್ದು ಗ್ರೀಸಿನಿಂದ ಬಂದ ನಾಲ್ಕು ರಸಗಳ ಸಿದ್ಧಾಂತ. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಇವು ಸಮತೋಲದಲ್ಲಿದ್ದರೆ ಆರೋಗ್ಯ, ಏರುಪೇರಾದರೆ ರೋಗ. ವಾತ, ಪಿತ್ತ, ಕಫಗಳ ಮಾತು ಕೇಳಿ ಬೆಳೆದ ನಮಗೆ ಈ ಯೋಚನೆಯ ಜಾಡು ತೀರ ಅಪರಿಚಿತವಲ್ಲ. ಏರಿದ ರಸವನ್ನು ಹೊರಹಾಕುವುದೇ ಚಿಕಿತ್ಸೆ: ಭೇದಿ ಮಾಡಿಸುವುದು, ವಾಂತಿ ಮಾಡಿಸುವುದು, ಬೆವರಿಳಿಸುವುದು, ರಕ್ತ ತೆಗೆಸುವುದು. ರಕ್ತ ತೆಗೆಯುವ ಕತ್ತಿಯನ್ನು ವೈದ್ಯ ತಾನು ಹಿಡಿಯುತ್ತಿರಲಿಲ್ಲ. ಅದು ಕ್ಷೌರಿಕ ಶಸ್ತ್ರವೈದ್ಯರ, ಸ್ನಾನಗೃಹ ನಡೆಸುವವರ ಕೆಲಸ. ಅವರು ತಮ್ಮ ತಮ್ಮ ವೃತ್ತಿ ಸಂಘಗಳಲ್ಲಿ ಕೆಲಸ ಕಲಿತವರು, ಆಡುಭಾಷೆಯಲ್ಲಿ ವ್ಯವಹರಿಸುವವರು. ವೈದ್ಯನಾದರೋ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಓದಿ ಪದವಿ ಪಡೆದವನು.

ಈ ಚಿಕಿತ್ಸೆಯಿಂದ ಎಷ್ಟು ಜನ ಗುಣವಾದರು? ಮೈಗೆ ತಾನಾಗಿ ಚೇತರಿಸಿಕೊಳ್ಳುವ ಶಕ್ತಿ ಇದ್ದವರು ಗುಣವಾದರು. ಉಳಿದವರ ವಿಷಯದಲ್ಲಿ ವೈದ್ಯನ ಕೈಲಾದದ್ದು ತುಂಬ ಕಡಿಮೆ. ಆದರೆ ಆ ಬುರುಡೆಯನ್ನು ಹಿಡಿದು ನಿಂತಾಗ ಇನ್ನೊಂದು ಕೆಲಸವೂ ನಡೆಯುತ್ತಿತ್ತು. ಯಾರ ಮನೆಯಿಂದ ಬಂದಿರಿ? ಎಷ್ಟು ದಿನದಿಂದ? ಏನು ತಿಂದರು? ನೆರೆಮನೆಯಲ್ಲಿ ಯಾರಿಗಾದರೂ ಹೀಗಾಗಿದೆಯೇ? ಗಾಜಿನಲ್ಲಿದ್ದ ಮೂತ್ರಕ್ಕಿಂತ ಅದನ್ನು ತಂದವರ ಮಾತು ಹೆಚ್ಚು ಹೇಳುತ್ತಿತ್ತು. ವರ್ಷಗಳು ಕಳೆದಂತೆ ಇಡೀ ಊರಿನ ಮನೆಗಳ ಕಷ್ಟಸುಖ ಒಬ್ಬನ ತಲೆಯಲ್ಲಿ, ಅವನ ಟಿಪ್ಪಣಿ ಪುಸ್ತಕದಲ್ಲಿ ಸೇರುತ್ತಿತ್ತು.

ಊರೇ ರೋಗಿ

ಪಟ್ಟಣವೈದ್ಯನ ಕೆಲಸ ಮಂಚದ ಪಕ್ಕದಲ್ಲೇ ಮುಗಿಯುತ್ತಿರಲಿಲ್ಲ. ಸೂಲಗಿತ್ತಿಯರ ಪರೀಕ್ಷೆ ಅವನ ಪಾಲಿಗೆ ಬರುತ್ತಿತ್ತು. ಜರ್ಮನ್ ಪಟ್ಟಣಗಳಲ್ಲಿ ಸೂಲಗಿತ್ತಿಯರಿಗೆ ಲಿಖಿತ ನಿಯಮ ಮೊದಲು ಬಂದದ್ದು ರೇಗೆನ್ಸ್‌ಬರ್ಗ್‌ನಲ್ಲಿ, 1452ರಲ್ಲಿ, ಉಲ್ಮ್‌ನಲ್ಲಿ 1491ರಲ್ಲಿ. ವೋರ್ಮ್ಸ್ ಮತ್ತು ಫ್ರಾಂಕ್‌ಫರ್ಟ್‌ಗಳಲ್ಲಿ ಪಟ್ಟಣವೈದ್ಯನಾಗಿದ್ದ ಯೂಖಾರಿಯಸ್ ರೋಸ್ಲಿನ್ 1513ರಲ್ಲಿ ಸೂಲಗಿತ್ತಿಯರಿಗಾಗಿ ಜರ್ಮನ್ ಭಾಷೆಯಲ್ಲೇ ಒಂದು ಪುಸ್ತಕ ಅಚ್ಚು ಹಾಕಿಸಿದ. ಹೆರಿಗೆಯ ಕೋಣೆಯಲ್ಲಿ ಗಂಡಸರಿಗೆ ಪ್ರವೇಶವಿಲ್ಲದ ಕಾಲದಲ್ಲಿ ಅದನ್ನು ಬರೆದವನು ಗಂಡಸು. ಆ ತಿಳಿವಳಿಕೆಯನ್ನು ಕೈಯಲ್ಲಿಟ್ಟುಕೊಂಡಿದ್ದವರು ಮಾತ್ರ ಹೆಂಗಸರು.

ನ್ಯಾಯಾಲಯವೂ ಪಟ್ಟಣವೈದ್ಯನನ್ನು ಕರೆಯುತ್ತಿತ್ತು. ಚಕ್ರವರ್ತಿ ಐದನೇ ಚಾರ್ಲ್ಸ್ 1532ರಲ್ಲಿ ಹೊರಡಿಸಿದ 'ಕರೊಲಿನಾ' ದಂಡಸಂಹಿತೆಯಲ್ಲಿ ಅನುಮಾನದ ಸಾವುಗಳಲ್ಲಿ ಬಲ್ಲವರ ಅಭಿಪ್ರಾಯ ಪಡೆಯಬೇಕೆಂಬ ವಿಧಿಯಿತ್ತು. ಸತ್ತವನ ಮೈಮೇಲಿನ ಗಾಯ ಪ್ರಾಣಾಂತಿಕವೇ ಅಲ್ಲವೇ ಎಂದು ಹೇಳುವುದರ ಮೇಲೆ ಆರೋಪಿಯ ತಲೆ ಉಳಿಯುವುದೂ ಉರುಳುವುದೂ ನಿಂತಿರುತ್ತಿತ್ತು. ಕುಷ್ಠದ ಅನುಮಾನವಿದ್ದವರನ್ನು ಪರೀಕ್ಷಿಸಿ, ಊರ ಹೊರಗಿನ ಕುಷ್ಠಾಲಯಕ್ಕೆ ಕಳಿಸಬೇಕೇ ಬೇಡವೇ ಎಂಬ ಕಠಿಣ ಮಾತನ್ನೂ ವೈದ್ಯರು ಹೇಳಬೇಕಾಗುತ್ತಿತ್ತು.

ಇವೆಲ್ಲಕ್ಕಿಂತ ನಿಯಮಿತವಾಗಿ ನಡೆಯುತ್ತಿದ್ದದ್ದು ಔಷಧದಂಗಡಿಗಳ ತಪಾಸಣೆ. ಪೌರಸಭೆಯ ಪ್ರತಿನಿಧಿಗಳ ಜೊತೆ ವೈದ್ಯ ಅಂಗಡಿಗೆ ಹೋಗಿ ಒಂದೊಂದೇ ಜಾಡಿಯ ಮುಚ್ಚಳ ತೆಗೆಸುತ್ತಿದ್ದ. ಒಣಬೇರಿಗೆ ಹುಳು ಬಿದ್ದಿದೆಯೇ? ಹೋದ ವರ್ಷದ ಹೂವಿನಲ್ಲಿ ಪರಿಮಳ ಉಳಿದಿದೆಯೇ? ತಕ್ಕಡಿಯ ಬಟ್ಟು ಸರಿಯಿದೆಯೇ? ಕೆಟ್ಟ ಸರಕನ್ನು ಎಸೆಯಿಸುತ್ತಿದ್ದ. ಯಾವ ಮದ್ದಿಗೆ ಏನೇನು ಎಷ್ಟೆಷ್ಟು ಸೇರಬೇಕು ಎಂಬುದಕ್ಕೆ ಅಧಿಕೃತ ಗ್ರಂಥವೂ ಇತ್ತು. ವಲೇರಿಯಸ್ ಕೋರ್ಡುಸ್ ಸಿದ್ಧಪಡಿಸಿದ ಅಂಥ ಗ್ರಂಥವನ್ನು ನ್ಯೂರೆಂಬರ್ಗ್ ಪೌರಸಭೆ 1546ರಲ್ಲಿ ಪ್ರಕಟಿಸಿತ್ತು. ಹಾವಿನ ಮಾಂಸವೂ ಸೇರಿ 60ಕ್ಕೂ ಹೆಚ್ಚು ಪದಾರ್ಥಗಳು ಬೀಳುತ್ತಿದ್ದ 'ಥೀರಿಯಾಕ್' ಎಂಬ ವಿಷಹಾರಿ ಲೇಹ್ಯ ಸಾಚಾ ಆಗಿದೆಯೇ ಎಂದು ನೋಡುವುದು ಎಲ್ಲಕ್ಕಿಂತ ದೊಡ್ಡ ಜವಾಬ್ದಾರಿ.

ಆ ಅಂಗಡಿಗಳ ಕಪಾಟಿನಲ್ಲಿ ಒಂದು ಭಾರವಾದ ಪುಡಿಯ ಜಾಡಿಯೂ ಇರುತ್ತಿತ್ತು. ಹಳದಿಗೆಂಪು ಬಣ್ಣ, ಹೊಳೆಯುವ ತೆಳು ಚೂರುಗಳು. ಅದನ್ನು ಎಣ್ಣೆಯಲ್ಲಿ ಕುದಿಸಿ ಗಾಯಕ್ಕೆ, ಹುಣ್ಣಿಗೆ ಹಚ್ಚುವ ಪಟ್ಟು ಮಾಡುತ್ತಿದ್ದರು. ಜರ್ಮನ್ನರು ಅದನ್ನು 'ಜಿಲ್ಬರ್‌ಗ್ಲೇಟ್' ಎನ್ನುತ್ತಿದ್ದರು. ನಮ್ಮ ಆಯುರ್ವೇದದ ರಸಗ್ರಂಥಗಳಲ್ಲಿ ಅದೇ ಪದಾರ್ಥಕ್ಕೆ ಮೃದ್ದಾರಶೃಂಗ ಎಂಬ ಹೆಸರಿದೆ. ಅಲ್ಲೂ ಅದು ಚರ್ಮಕ್ಕೆ ಹಚ್ಚುವ ಲೇಪಗಳಲ್ಲಿ ಬರುತ್ತದೆ. ಇಂದಿನ ಹೆಸರು ಲಿಥಾರ್ಜ್, ಅಂದರೆ ಸೀಸದ ಆಕ್ಸೈಡ್.

ಯಾರಿಗೆ ಬರಲಿಲ್ಲ?

ಈಗ ಮತ್ತೆ ಮಠಗಳಿಗೆ ಹೋಗೋಣ. ಇಂಥ ಹೊಟ್ಟೆಶೂಲೆ ವೈದ್ಯಲೋಕಕ್ಕೆ ಹೊಸದಲ್ಲ. ಫ್ರಾನ್ಸಿನ ಪ್ವಾತೂ ಸೀಮೆಯಲ್ಲಿ ಅದು ಪಿಡುಗಿನಂತೆ ಬಂದುಹೋದದ್ದನ್ನು ಫ್ರಾಂಸ್ವಾ ಸಿತ್ವಾ ಎಂಬ ವೈದ್ಯ 1616ರಲ್ಲೇ ಬರೆದಿದ್ದ. ಆ ಸೀಮೆಯ ಹಳೆಯ ಬುಡಕಟ್ಟಿನ ಹೆಸರಿನಿಂದ ರೋಗಕ್ಕೆ 'ಕೋಲಿಕಾ ಪಿಕ್ಟೋನುಮ್' ಎಂಬ ಹೆಸರು ಬಂದಿತ್ತು. ರೋಗಕ್ಕೆ ಹೆಸರು ಕೊಟ್ಟರೆ ಅದರ ಕಾರಣ ತಿಳಿದಂತಾಗುವುದಿಲ್ಲ. ಕೆಟ್ಟ ಗಾಳಿ, ಗ್ರಹಗತಿ, ಪಿತ್ತದ ಏರಿಕೆ ಹೀಗೆ ಒಬ್ಬೊಬ್ಬರದು ಒಂದೊಂದು ಊಹೆ.

ಗೊಕೆಲ್ ಕಣ್ಣಿಗೆ ಬಿದ್ದದ್ದು ರೋಗಿಗಳಿಗಿಂತ ಹೆಚ್ಚಾಗಿ ರೋಗವಿಲ್ಲದವರು. ಅದೇ ಮಠ, ಅದೇ ಗೋಡೆ, ಅದೇ ಗಾಳಿ, ಅದೇ ಪಂಕ್ತಿಯ ಊಟ. ಆದರೂ ಕೆಲವರು ಮಾತ್ರ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದರು. ಅವರು ಯಾರೆಂದು ವಿಚಾರಿಸಿದಾಗ ಒಂದು ಸಮಾನ ಅಂಶ ಸಿಕ್ಕಿತು. ಅವರು ವೈನ್ ಕುಡಿಯುವವರಾಗಿರಲಿಲ್ಲ.

ಈ ಹೆಜ್ಜೆಯನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಈ ಅಧ್ಯಾಯದ ಜೀವ ಇಲ್ಲೇ ಇದೆ. ನಾಲ್ಕು ರಸಗಳ ವೈದ್ಯಶಾಸ್ತ್ರ ಪ್ರತಿ ರೋಗಿಯನ್ನೂ ಅವನ ಪ್ರಕೃತಿಯ ಮೂಲಕ ನೋಡುತ್ತಿತ್ತು: ಇವನದು ಪಿತ್ತದ ಮೈ, ಅವನದು ಕಫದ ಮೈ. ಆ ನೋಟದಲ್ಲಿ ಇಪ್ಪತ್ತು ರೋಗಿಗಳಿಗೆ ಇಪ್ಪತ್ತು ಕಾರಣಗಳಿರಬಹುದು. ಗೊಕೆಲ್ ಮಾಡಿದ್ದು ಬೇರೆ. ಒಂದೇ ಸೂರಿನಡಿ ಇರುವ ಜನರನ್ನು ಎರಡು ಗುಂಪು ಮಾಡಿ, ಎಲ್ಲವೂ ಒಂದೇ ಆಗಿರುವಾಗ ವ್ಯತ್ಯಾಸ ಎಲ್ಲಿದೆ ಎಂದು ಕೇಳಿದ. ಇಂದಿನ ಸೋಂಕುರೋಗ ತಜ್ಞರು ಮದುವೆಮನೆಯ ಊಟದಿಂದ ವಾಂತಿಭೇದಿಯಾದಾಗ ಕೇಳುವ ಪ್ರಶ್ನೆಯೂ ಇದೇ: ಯಾರಿಗೆ ಆಗಲಿಲ್ಲ? ಅವರು ಏನನ್ನು ತಿನ್ನಲಿಲ್ಲ? ಕಂಡರಿಯದ ಊರಿಗೆ ಒಂದು ದಿನದ ಮಟ್ಟಿಗೆ ಬಂದುಹೋಗುವ ವೈದ್ಯನಿಗೆ ಈ ಪ್ರಶ್ನೆ ಹೊಳೆಯುವುದು ಕಷ್ಟ, ಅವನು ನೋಡುವುದು ಮಲಗಿದವರನ್ನಷ್ಟೇ. ಓಡಾಡುವವರನ್ನೂ ಬಲ್ಲವನು ಊರಿನಲ್ಲೇ ಉಳಿದವನು.

ಗೊಕೆಲ್‌ಗೆ ಇನ್ನೊಂದು ಸಾಕ್ಷ್ಯವೂ ಸಿಕ್ಕಿತು, ಅದೂ ತನ್ನ ಮೈಯಲ್ಲೇ. ಮಠಕ್ಕೆ ಹೋದಾಗ ಅಲ್ಲಿನ ವೈನನ್ನು ಅವನೂ ಕುಡಿದಿದ್ದ, ಅವನಿಗೂ ಹೊಟ್ಟೆನೋವು ಹಿಡಿದುಕೊಂಡಿತು.

ಗೋಸ್ಲಾರ್‌ನ ಪುಸ್ತಕ

ವೈನಿನಲ್ಲಿ ಏನೋ ಇದೆ ಎಂಬುದು ಖಚಿತವಾಯಿತು. ಆದರೆ ಏನು? ಉತ್ತರ ಉಲ್ಮ್‌ನಲ್ಲಿರಲಿಲ್ಲ. ಅದು ಉತ್ತರ ದಿಕ್ಕಿನಲ್ಲಿ ಬಹುದೂರ, ಹಾರ್ತ್ಸ್ ಬೆಟ್ಟಗಳ ಬುಡದಲ್ಲಿರುವ ಗೋಸ್ಲಾರ್ ಎಂಬ ಗಣಿ ಪಟ್ಟಣದಲ್ಲಿತ್ತು.

ಗೋಸ್ಲಾರ್‌ನ ಪಕ್ಕದಲ್ಲಿ ರಾಮೆಲ್ಸ್‌ಬರ್ಗ್ ಎಂಬ ಬೆಟ್ಟವಿದೆ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಗಣಿಗಾರಿಕೆ ನಡೆದು, 1988ರಲ್ಲಿ ನಿಂತಿತು. ಅಲ್ಲಿನ ಅದಿರಿನಲ್ಲಿ ಬೆಳ್ಳಿಯೂ ಸೀಸವೂ ಬೆರೆತಿರುತ್ತವೆ. ಎರಡನ್ನೂ ಬೇರ್ಪಡಿಸುವ ಹಳೆಯ ಉಪಾಯ ಹೀಗಿದೆ: ಕರಗಿದ ಮಿಶ್ರಲೋಹದ ಮೇಲೆ ತಿದಿಯಿಂದ ಗಾಳಿ ಊದುತ್ತ ಹೋದರೆ ಸೀಸ ಗಾಳಿಯ ಆಮ್ಲಜನಕವನ್ನು ಹೀರಿ ಲಿಥಾರ್ಜ್ ಆಗುತ್ತದೆ. ಅದು ದ್ರವವಾಗಿ ಮೇಲೆ ತೇಲುತ್ತದೆ, ಅದನ್ನು ಬಳಿದು ತೆಗೆಯುತ್ತಾರೆ. ಬೆಳ್ಳಿಗೆ ಗಾಳಿಯ ಹಂಗಿಲ್ಲ. ಸೀಸವೆಲ್ಲ ಹೋದ ಮೇಲೆ ಮೂಸೆಯಲ್ಲಿ ಹೊಳೆಯುವ ಬೆಳ್ಳಿಯ ಗುಂಡು ಉಳಿಯುತ್ತದೆ. ಬೆಳ್ಳಿ ಅರಮನೆಗೆ, ಟಂಕಸಾಲೆಗೆ ಹೋಗುತ್ತಿತ್ತು. ಲಿಥಾರ್ಜ್ ಕುಂಬಾರರ ಮೆರುಗಿಗೆ, ಔಷಧದಂಗಡಿಗೆ, ಬಣ್ಣದವರಿಗೆ ಅಗ್ಗದಲ್ಲಿ ಮಾರಾಟವಾಗುತ್ತಿತ್ತು.

ಈ ಕುಲುಮೆಗಳಲ್ಲಿ ದುಡಿಯುವವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತಿತ್ತು. ಹೊಟ್ಟೆಯೊಳಗೆ ಏನೋ ಉಗುರು ಹಾಕಿ ಪರಚಿದಂಥ ನೋವು. ಅವರು ಅದಕ್ಕೆ 'ಹ್ಯುಟೆನ್‌ಕಾಟ್ಸೆ' ಎನ್ನುತ್ತಿದ್ದರು, ಎಂದರೆ ಕುಲುಮೆಯ ಬೆಕ್ಕು. ಗೋಸ್ಲಾರ್‌ನ ವೈದ್ಯ ಸಾಮ್ಯುಯೆಲ್ ಷ್ಟೊಕ್‌ಹೌಸೆನ್ ಈ ಬೆಕ್ಕಿನ ಬೆನ್ನು ಹತ್ತಿ, ಇದಕ್ಕೆ ಕಾರಣ ಲಿಥಾರ್ಜಿನ ಹೊಗೆ ಎಂದು ತೋರಿಸುವ ಒಂದು ಚಿಕ್ಕ ಲ್ಯಾಟಿನ್ ಪುಸ್ತಕವನ್ನು 1656ರಲ್ಲಿ ಪ್ರಕಟಿಸಿದ. ಲೋಹದ ಹೊಗೆ ಕೆಲಸಗಾರರನ್ನು ಕೊಲ್ಲುತ್ತದೆ ಎಂಬ ಎಚ್ಚರಿಕೆ ಅದಕ್ಕೂ ಹಿಂದೆ ಇತ್ತು. ಉಲ್ರಿಚ್ ಎಲೆನ್‌ಬೋಗ್ ಎಂಬ ವೈದ್ಯ 1473ರಲ್ಲಿ ಆಗ್ಸ್‌ಬರ್ಗ್‌ನ ಅಕ್ಕಸಾಲಿಗರಿಗಾಗಿ ಇದನ್ನೇ ಬರೆದಿದ್ದ. ಷ್ಟೊಕ್‌ಹೌಸೆನ್ ಒಂದು ನಿರ್ದಿಷ್ಟ ಪದಾರ್ಥವನ್ನು, ಒಂದು ನಿರ್ದಿಷ್ಟ ರೋಗಲಕ್ಷಣಗಳ ಗುಂಪನ್ನು ಜೋಡಿಸಿ ಹೇಳಿದ.

ಗೊಕೆಲ್ ಆ ಪುಸ್ತಕವನ್ನು ಓದಿದ್ದ. ಅವನು ಕುಲುಮೆಯ ಊರಿನವನಲ್ಲ, ಅವನ ರೋಗಿಗಳು ಗಣಿಗಾರರಲ್ಲ. ಆದರೆ ಅಲ್ಲಿ ವರ್ಣಿಸಿದ ಹೊಟ್ಟೆಯ ಹಿಂಡು, ಮಲಬದ್ಧತೆ, ಕೈಕಾಲಿನ ಸೋಲು ಇಲ್ಲಿ ಮಠದ ಮಂಚಗಳ ಮೇಲೆ ಮಲಗಿದ್ದವು. ಬೆಕ್ಕು ಅದೇ, ಮನೆ ಮಾತ್ರ ಬೇರೆ. ಹಾಗಾದರೆ ಬೆಳ್ಳಿ ಕುಲುಮೆಯ ಪುಡಿ ಸನ್ಯಾಸಿಯ ಬಟ್ಟಲಿಗೆ ಬಂದದ್ದು ಹೇಗೆ?

ಹುಳಿಯನ್ನು ನುಂಗಿದ ಪುಡಿ

1690ರ ದಶಕ ಯುರೋಪಿಗೆ ಕಳೆದ 500 ವರ್ಷಗಳಲ್ಲೇ ಅತಿ ಚಳಿಯ ದಶಕಗಳಲ್ಲಿ ಒಂದು. ಹವಾಮಾನ ತಜ್ಞರು 'ಕಿರು ಹಿಮಯುಗ' ಎನ್ನುವ ಕಾಲದ ಕಡುಚಳಿಯ ಭಾಗ ಅದು. ಬೇಸಿಗೆ ಬೇಸಿಗೆಯಂತಿರಲಿಲ್ಲ. ದ್ರಾಕ್ಷಿ ಹಣ್ಣಾಗಲು ಬಿಸಿಲು ಬೇಕು. ಬಿಸಿಲು ಕಡಿಮೆಯಾದರೆ ಸಕ್ಕರೆ ಕೂಡುವುದಿಲ್ಲ, ಹುಳಿ ಇಳಿಯುವುದಿಲ್ಲ. ಅಂಥ ವೈನ್ ಬಾಯಿಗಿಡಲು ಆಗದಷ್ಟು ಹುಳಿ, ಜೊತೆಗೆ ಬೇಗ ಕೆಟ್ಟು ವಿನೆಗರ್ ಆಗುತ್ತದೆ. ಉಲ್ಮ್ ದೊಡ್ಡ ವೈನ್ ಸಂತೆಯ ಊರು. ಪೀಪಾಯಿಗಳಲ್ಲಿ ಬಂದ ಹುಳಿ ಸರಕನ್ನು ಮಾರುವುದು ವ್ಯಾಪಾರಿಗಳಿಗೆ ಹೊಟ್ಟೆಪಾಡಿನ ಪ್ರಶ್ನೆಯಾಯಿತು.

ಗೊಕೆಲ್ ಒಬ್ಬ ವೈನ್ ವ್ಯಾಪಾರಿಯಿಂದ ಅವರ ಗುಟ್ಟಿನ ಪಾಕವಿಧಾನವನ್ನು ಪಡೆದ. ಹುಳಿ ವೈನನ್ನು 'ಸರಿಪಡಿಸಲು' ಅದಕ್ಕೆ ಜಿಲ್ಬರ್‌ಗ್ಲೇಟ್ ಸೇರಿಸಬೇಕು! ತಾನು ಔಷಧದಂಗಡಿಯ ಕಪಾಟಿನಲ್ಲಿ ನೋಡುತ್ತ ಬಂದಿದ್ದ ಅದೇ ಪುಡಿ. ಅವನು ಕೇಳಿದ್ದನ್ನು ಕೇಳಿದಷ್ಟಕ್ಕೇ ನಂಬಲಿಲ್ಲ. ಸಿಕ್ಕಿದ ಅತ್ಯಂತ ಕೆಟ್ಟ, ಅತ್ಯಂತ ಹುಳಿಯಾದ ವೈನನ್ನು ತಂದು ಪಾಕವಿಧಾನದಂತೆಯೇ ತಯಾರಿಸಿ ನೋಡಿದ. ಮುಖ ಕಿವುಚಿಸುತ್ತಿದ್ದ ವೈನ್ ಸಿಹಿಯಾಗಿ, ಒಳ್ಳೆಯ ಬೆಲೆಗೆ ಹೋಗುವಂಥದ್ದಾಯಿತು.

ಇದರ ರಸಾಯನ ಇಂದು ಹೈಸ್ಕೂಲು ಮಕ್ಕಳಿಗೂ ತಿಳಿಯುವಂಥದ್ದು. ಕೆಟ್ಟ ವೈನಿನ ಹುಳಿಗೆ ಒಂದು ಕಾರಣ ಅಸಿಟಿಕ್ ಆಮ್ಲ. ಲಿಥಾರ್ಜ್ ಪ್ರತ್ಯಾಮ್ಲ. ಎರಡೂ ಸೇರಿದಾಗ ಹುಳಿ ಅಳಿದು ಸೀಸದ ಅಸಿಟೇಟ್ ಎಂಬ ಲವಣ ಹುಟ್ಟುತ್ತದೆ. ಆ ಲವಣಕ್ಕೆ ಸೀಸದ ಸಕ್ಕರೆ ಎಂದೇ ಹೆಸರು, ಏಕೆಂದರೆ ಅದರ ರುಚಿ ಸಿಹಿ. ಅಂದರೆ ಒಂದೇ ಪುಡಿ ಎರಡು ಕೆಲಸ ಮಾಡುತ್ತದೆ: ಹುಳಿಯನ್ನು ಕಳೆಯುತ್ತದೆ, ಅದರ ಜಾಗದಲ್ಲಿ ಸಿಹಿಯನ್ನು ತುಂಬುತ್ತದೆ. ಮೂರನೆಯದೂ ಉಂಟು. ವೈನನ್ನು ಕೆಡಿಸುವ ಸೂಕ್ಷ್ಮಜೀವಿಗಳಿಗೂ ಸೀಸ ವಿಷ, ಹಾಗಾಗಿ ಸರಕು ಬಾಳಿಕೆ ಬರುತ್ತದೆ. ವ್ಯಾಪಾರಿಗೆ ಇದಕ್ಕಿಂತ ಒಳ್ಳೆಯ ಪುಡಿ ಬೇರೆ ಇರಲಾರದು. ಕುಡಿದವನ ನಾಲಿಗೆಯೂ ಮೆಚ್ಚಿಕೊಳ್ಳುತ್ತದೆ. ನಾಲಿಗೆ ಕಹಿಯನ್ನು ವಿಷವೆಂದು ಉಗುಳಲು ಕಲಿತಿದೆ. ಸಿಹಿಯಾಗಿ ಬರುವ ವಿಷದ ಮುಂದೆ ಅದಕ್ಕೆ ಕಾವಲು ಕಾಯಲು ಬಾರದು.

ಮೈಯೊಳಗೆ ಹೊಕ್ಕ ಸೀಸ ವೇಷ ಹಾಕಿಕೊಂಡು ತಿರುಗುತ್ತದೆ. ಅದರ ಅಯಾನು ಕ್ಯಾಲ್ಸಿಯಮ್ ಮತ್ತು ಸತುವಿನ ಅಯಾನುಗಳ ಜಾಗದಲ್ಲಿ ನುಸುಳಿ ಕುಳಿತುಕೊಳ್ಳಬಲ್ಲದು. ರಕ್ತಕ್ಕೆ ಕೆಂಪು ಕೊಡುವ ಹೀಮ್ ತಯಾರಾಗಲು ಸತುವನ್ನು ಅವಲಂಬಿಸಿದ ಒಂದು ಕಿಣ್ವ ಬೇಕು. ಸೀಸ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಹೀಮ್ ಕಡಿಮೆಯಾಗಿ ರೋಗಿ ಬಿಳಿಚಿಕೊಳ್ಳುತ್ತಾನೆ. ಕಿಣ್ವ ಬಳಸದೆ ಉಳಿದ ಕಚ್ಚಾ ಪದಾರ್ಥ ಮೈಯಲ್ಲಿ ಶೇಖರವಾಗಿ ನರಗಳನ್ನು ಕಾಡುತ್ತದೆ. ಕರುಳಿನ ನಡೆ ತಪ್ಪಿ ಶೂಲೆಯೂ ಮಲಬದ್ಧತೆಯೂ ಬರುತ್ತವೆ. ಸ್ನಾಯುಗಳಿಗೆ ಹೋಗುವ ನರಗಳು ಸೋತು ಮಣಿಕಟ್ಟು ಜೋತುಬೀಳುತ್ತದೆ. ರಕ್ತದಲ್ಲಿನ ಸೀಸ ಅರ್ಧಕ್ಕಿಳಿಯಲು ಸುಮಾರು ಒಂದು ತಿಂಗಳು ಸಾಕು. ಮೂಳೆಯೊಳಗೆ ಸೇರಿದ್ದು ದಶಕಗಳ ಕಾಲ ಅಲ್ಲೇ ಕೂತು, ಮೆಲ್ಲಮೆಲ್ಲನೆ ಮತ್ತೆ ರಕ್ತಕ್ಕೆ ಇಳಿಯುತ್ತದೆ.

ಈ ನಿಧಾನವೇ ಸೀಸದ ಅಪರಾಧವನ್ನು ಮುಚ್ಚಿಡುತ್ತಿದ್ದದ್ದು. ಲಿಥಾರ್ಜ್ ನುಂಗಿದವರ ಪಾಡನ್ನು ಗ್ರೀಸಿನ ನಿಕಾಂಡರ್ ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲೇ ವರ್ಣಿಸಿದ್ದ. ಓದಿದ ವೈದ್ಯರಿಗೆಲ್ಲ ಅದು ವಿಷವೆಂದು ಗೊತ್ತಿತ್ತು. ಆದರೆ ಇಂದು ಒಂದು ಬಟ್ಟಲು, ನಾಳೆ ಒಂದು ಬಟ್ಟಲು ಕುಡಿದು ವಾರಗಳ ನಂತರ ನರಳುವವನಿಗೂ ಆ ವಿಷಕ್ಕೂ ನಂಟು ಕಾಣಬೇಕಾದರೆ ಒಂದು ಗುಂಪನ್ನು ತಿಂಗಳುಗಟ್ಟಲೆ ಕಣ್ಣಿಟ್ಟು ನೋಡಿದವರು ಬೇಕು.

ಒಂದು ಊರಿನ ತಿಳಿವಳಿಕೆ

ಗೊಕೆಲ್ ಕಂಡುಕೊಂಡದ್ದು ಬೇಗನೆ ಪಕ್ಕದ ವ್ಯುರ್ಟೆಂಬರ್ಗ್ ಸಂಸ್ಥಾನವನ್ನು ಮುಟ್ಟಿತು. ವೈನಿಗೆ ಕಲಬೆರಕೆ ಮಾಡಬಾರದೆಂಬ ಶಾಸನ ಸಾಮ್ರಾಜ್ಯದಲ್ಲಿ 1498ರಿಂದಲೇ ಇತ್ತು; ಯಾವ ಕಲಬೆರಕೆ ಕೊಲ್ಲುತ್ತದೆ ಎಂಬ ಪುರಾವೆ ಈಗ ಬಂತು. ಡ್ಯೂಕ್ ಎಬರ್‌ಹಾರ್ಡ್ ಲುಡ್ವಿಗ್ 1696ರಲ್ಲಿ ಲಿಥಾರ್ಜ್ ಬೆರೆಸುವುದಕ್ಕೆ ಮರಣದಂಡನೆ ವಿಧಿಸಿ ಆಜ್ಞೆ ಹೊರಡಿಸಿದ. ಅದು ಬರೀ ಬೆದರಿಕೆಯಾಗಿರಲಿಲ್ಲ. 1706ರಲ್ಲಿ ಎಸ್ಲಿಂಗೆನ್‌ನ ಒಬ್ಬನ ತಲೆ ಈ ಅಪರಾಧಕ್ಕಾಗಿ ಉರುಳಿತು. ಗೊಕೆಲ್ 1697ರಲ್ಲಿ ತನ್ನ ಸಂಶೋಧನೆಯನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ. ಅದನ್ನು ಲ್ಯಾಟಿನ್ನಿನಲ್ಲಿ ಬರೆಯದೆ ಜರ್ಮನ್ನಿನಲ್ಲಿ ಬರೆದ. ವೈನ್ ಕುಡಿಯುವವರೂ ಮಾರುವವರೂ ಓದಬೇಕಾದ ಪುಸ್ತಕ ಅದು.

ಆದರೂ ಆ ತಿಳಿವಳಿಕೆ ಊರಿಂದೂರಿಗೆ ದಾಟುವುದು ತಡವಾಯಿತು. ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಸೇಬಿನ ಮದ್ಯ ಕುಡಿದವರಿಗೆ ಅದೇ ಶೂಲೆ ಬರುತ್ತಿತ್ತು. ಸೇಬು ಹಿಂಡುವ ಯಂತ್ರಗಳಲ್ಲಿದ್ದ ಸೀಸವೇ ಕಾರಣವೆಂದು ಜಾರ್ಜ್ ಬೇಕರ್ ತೋರಿಸಿದ್ದು 1767ರಲ್ಲಿ, ಗೊಕೆಲ್‌ನ ಪುಸ್ತಕ ಬಂದು 70 ವರ್ಷಗಳಾದ ಮೇಲೆ. ಬೇಕರ್‌ನೊಡನೆ ಈ ವಿಷಯ ಚರ್ಚಿಸಿದ್ದ ಬೆಂಜಮಿನ್ ಫ್ರಾಂಕ್ಲಿನ್ 1786ರ ಒಂದು ಪತ್ರದಲ್ಲಿ ಸೀಸದ ಕೆಡುಕಿನ ಕತೆಯನ್ನೆಲ್ಲ ಹೇಳಿ, ಉಪಯುಕ್ತ ಸತ್ಯವೊಂದು ಗೊತ್ತಾದ ಮೇಲೂ ಜನರ ಆಚರಣೆಗೆ ಬರಲು ಎಷ್ಟು ದೀರ್ಘಕಾಲ ಹಿಡಿಯುತ್ತದೆ ಎಂದು ನೊಂದುಕೊಂಡ.

ಈ ತಡವನ್ನು ಕಡಿಮೆ ಮಾಡುವ ದಾರಿಯನ್ನು ಹುಡುಕಿದವರೂ ಪಟ್ಟಣವೈದ್ಯರೇ. 1652ರ ಜನವರಿ 1ರಂದು ಶ್ವೈನ್‌ಫರ್ಟ್ ಎಂಬ ಸಣ್ಣ ಸ್ವತಂತ್ರ ಪಟ್ಟಣದಲ್ಲಿ, ಅಲ್ಲಿನ ಪಟ್ಟಣವೈದ್ಯ ಯೋಹಾನ್ ಲೊರೆಂಟ್ಸ್ ಬೌಷ್ ಇನ್ನು ಮೂವರು ವೈದ್ಯರನ್ನು ಕೂಡಿಸಿಕೊಂಡು ಒಂದು ಅಕಾಡೆಮಿ ಸ್ಥಾಪಿಸಿದ. ಲಂಡನ್ನಿನ ರಾಯಲ್ ಸೊಸೈಟಿ ಇನ್ನೂ ಹುಟ್ಟಿರಲಿಲ್ಲ. 1670ರಿಂದ ಅಕಾಡೆಮಿ ಒಂದು ಪತ್ರಿಕೆ ತಂದಿತು. ಬೇರೆ ಬೇರೆ ಊರಿನ ವೈದ್ಯರು ತಾವು ಕಂಡ ಒಂದೊಂದು ಪ್ರಕರಣವನ್ನು ಬರೆದು ಕಳಿಸಿದರು. ಅವುಗಳಲ್ಲಿ ಸಿದ್ಧಾಂತಕ್ಕಿಂತ ನೋಡಿದ್ದರ ವರದಿಯೇ ಹೆಚ್ಚು. ಅದೇ ಸಂಸ್ಥೆ ಲಿಯೊಪೊಲ್ಡಿನಾ ಎಂಬ ಹೆಸರಿನಲ್ಲಿ ಇಂದು ಜರ್ಮನಿಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ.

ಕೋಳಿ ಕೂಗು

ಗೊಕೆಲ್‌ನನ್ನು ಆಧುನಿಕ ವಿಜ್ಞಾನಿಯೆಂದು ಕರೆದರೆ ಅದು ಸುಳ್ಳಾಗುತ್ತದೆ. ಸೀಸದ ಪುಸ್ತಕ ಬಂದ ಎರಡು ವರ್ಷಕ್ಕೆ, 1699ರಲ್ಲಿ, ಅವನು ಮಾಟದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಕೆಟ್ಟ ಮಾತಿನಿಂದ, ಕೆಟ್ಟ ನೋಟದಿಂದ ಮಕ್ಕಳಿಗೂ ದೊಡ್ಡವರಿಗೂ ಬರುವ ರೋಗಗಳು, ಅವುಗಳ ಪರಿಹಾರ ಅದರ ವಸ್ತು. ನಮ್ಮಲ್ಲಿ ದೃಷ್ಟಿ ತಾಗಿತು ಎನ್ನುವುದನ್ನೇ ಅವರಲ್ಲಿ 'ಬೆಷ್ರೈಯೆನ್' ಎನ್ನುತ್ತಿದ್ದರು. ಲಿಥಾರ್ಜನ್ನು ಕುದಿಸಿ ಪರೀಕ್ಷಿಸಿದ ಕೈಯೇ ಅದನ್ನೂ ಬರೆದದ್ದು.

ನನಗೆ ಇದು ನಿರಾಶೆಯ ಸಂಗತಿಯಾಗಿ ಕಾಣುವುದಿಲ್ಲ. ತಲೆಯಲ್ಲಿರುವ ಸಿದ್ಧಾಂತಗಳೆಲ್ಲ ಸರಿಯಾದ ಮೇಲೆಯೇ ಸತ್ಯ ಕಾಣುವುದಾದರೆ ಯಾವ ಕಾಲದವರಿಗೂ ಯಾವ ಸತ್ಯವೂ ಕಾಣುತ್ತಿರಲಿಲ್ಲ. ಗೊಕೆಲ್‌ನ ತಲೆಯಲ್ಲಿ ನಾಲ್ಕು ರಸಗಳಿದ್ದವು, ಮಾಟವಿತ್ತು, ಥೀರಿಯಾಕಿನ ಮೇಲಿನ ನಂಬಿಕೆಯಿತ್ತು. ಆದರೆ ಅವನ ಕೆಲಸದ ಕ್ರಮದಲ್ಲಿ ಬೇರೇನೋ ಇತ್ತು: ಒಂದೇ ಊರಿನಲ್ಲಿ ಉಳಿಯುವುದು, ಮಲಗಿದವರ ಜೊತೆ ಓಡಾಡುವವರನ್ನೂ ಗಮನಿಸುವುದು, ದೂರದ ಊರಿನ ವೈದ್ಯ ಬರೆದದ್ದನ್ನು ಓದುವುದು, ಕೇಳಿದ್ದನ್ನು ತಾನೇ ಮಾಡಿ ನೋಡುವುದು, ಕಂಡದ್ದನ್ನು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಬರೆಯುವುದು. ಆ ಕ್ರಮ ಅವನ ಸಿದ್ಧಾಂತಗಳಿಗಿಂತ ದೊಡ್ಡದಾಗಿತ್ತು.

1700ರಲ್ಲಿ, ಸಾಯುವ ಮೂರು ವರ್ಷ ಮೊದಲು, ಅವನು ತನ್ನ ವೃತ್ತಿಜೀವನದ 200 ಪ್ರಕರಣಗಳನ್ನು ಒಟ್ಟುಮಾಡಿ ಪ್ರಕಟಿಸಿದ. ಪುಸ್ತಕದ ಹೆಸರು 'ಗಾಲಿಸಿನಿಯುಮ್', ಲ್ಯಾಟಿನ್ನಿನಲ್ಲಿ ಕೋಳಿಯ ಕೂಗು. ದಕ್ಷಿಣ ಜರ್ಮನಿಯ ಮಾತಿನಲ್ಲಿ ಗೊಕೆಲ್ ಎಂದರೆ ಹುಂಜ. ತನ್ನ ಹೆಸರನ್ನೇ ಪುಸ್ತಕಕ್ಕೆ ಇಟ್ಟಿದ್ದ.

ತನ್ನ ಹುಂಜ ಕೂಗಿದರೇ ಬೆಳಗಾಗುವುದು ಎಂದುಕೊಂಡಿದ್ದ ಅಜ್ಜಿಯ ಕತೆ ನಮಗೆಲ್ಲ ಗೊತ್ತು. ಅಜ್ಜಿ ಹುಂಜವನ್ನು ಎತ್ತಿಕೊಂಡು ಊರು ಬಿಟ್ಟುಹೋದಳು, ಊರಿಗೆ ಬೆಳಗಾಯಿತು. ಸೀಸದ ವಿಷಯದಲ್ಲಿ ನಡೆದದ್ದು ಬೇರೆ. ಹುಂಜ ಕೂಗಿತು, ಊರು ಬಿಡದೆ ಕೂಗಿತು. ಬೆಳಗಾಗುವುದು ಮಾತ್ರ ಬಹಳ ತಡವಾಯಿತು.